ಎಳ್ಳ ಅಮಾವಾಸ್ಯೆಯ ರಾತ್ರಿ ಕಡಲಿಗೆ ಹೊರಡಬೇಡಿ

ಆಳಂದ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಉಂಡು, ಅಂದೇ ರಾತ್ರಿ ಬಸ್ ಹತ್ತುತ್ತೇವೆ. ನಾವು ನಾಲ್ವರು. ಇಬ್ಬರು ಬೀದರ್‌ನವರು, ಒಬ್ಬಳು ಯಾದಗಿರಿಯವಳು. ಪರಿಚಯವಾಗಿ ಆರು ತಿಂಗಳೂ ಆಗಿಲ್ಲ. ಬೆನ್ನಿಗೆ ಚೀಲ ಏರಿಸಿ ಕುಮಟಾದಿಂದ ಗೋಕರ್ಣಕ್ಕೆ ತೀರದಗುಂಟ ನಡೆದು, ಮರಳಿನಲ್ಲೇ ಮಲಗುವ ಆಸೆ. ನಮ್ಮಲ್ಲಿ ಯಾರೂ ಸಮುದ್ರ ಕಂಡಿಲ್ಲ. ಅವ್ವ ಬೇಡವೆನ್ನುತ್ತಾಳೆ. ನೀವೇನು ಹೇಳುತ್ತೀರಿ?"

ಸಂಪಾದಕರ ಉತ್ತರ:

ಹೋಗಿ ಬನ್ನಿ ತಂಗಿ. ಆದರೆ ಆ ರಾತ್ರಿ ಬೇಡ. ಒಂದು ವಾರ ತಡೆದು ಅಷ್ಟಮಿಯ ಹೊತ್ತಿಗೆ ಹೊರಡಿ.

ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಹೆಚ್ಚು. ಅದರ ಬಿರುಸು ತಿಥಿ ಕಳೆದು ಒಂದೆರಡು ದಿನಕ್ಕೆ ತುದಿ ಮುಟ್ಟುತ್ತದೆ. ಅಂದರೆ ನೀವು ಕುಮಟಾದಲ್ಲಿ ಇಳಿಯುವ ಹೊತ್ತಿಗೆ ಸರಿಯಾಗಿ. ಅಷ್ಟಮಿಯ ಸುಮಾರಿಗೆ ಈ ಏರಿಳಿತ ಸಣ್ಣದಾಗುತ್ತದೆ. ಹೊಸಬರಿಗೆ ಅದೇ ಒಳ್ಳೆಯದು. ಗೋಡೆಯ ಮೇಲಿನ ಪಂಚಾಂಗ ನೋಡಿ ಬಿತ್ತುವ, ಎತ್ತಿಗೆ ಬಿಡುವು ಕೊಡುವ ಮನೆಯವರು ನೀವು. ಕಡಲಿಗೂ ಅದೇ ಪಂಚಾಂಗ ಸಾಕು.

ಇದನ್ನು ನಾನು ಕಲಿತದ್ದು ತಡವಾಗಿ. ಮೊದಲ ಸಲ ಕಲಬುರಗಿಯಿಂದ ಹೋದಾಗ ನಮಗೂ ಭೀಮೆಯ ದಂಡೆ ಬಿಟ್ಟರೆ ಬೇರೆ ನೀರಿನ ಅನುಭವವಿರಲಿಲ್ಲ. ಹುಣ್ಣಿಮೆ. ಸಂಜೆ ಅಲೆಗಳು ಎಷ್ಟೋ ದೂರದಲ್ಲಿದ್ದವು. ಸಮತಟ್ಟಾದ ಮರಳು ನೋಡಿ ಡೇರೆ ಹಾಕಿದೆವು. ನಡುರಾತ್ರಿ ಬೆನ್ನಡಿ ತಣ್ಣಗಾಗಿ ಎದ್ದರೆ ನೀರು ಡೇರೆಯೊಳಗಿತ್ತು. ಹೊರಗಿಟ್ಟ ಎರಡು ಜೊತೆ ಚಪ್ಪಲಿ, ಒಂದು ಚೀಲ ಹೋಗಿದ್ದವು. ಬೆಳಗ್ಗೆ ಮೀನು ಮಾರಲು ಹೊರಟಿದ್ದ ಹೆಂಗಸೊಬ್ಬರು ಕಾಲಿನಿಂದ ಮರಳ ಮೇಲಿನ ಗೆರೆಯೊಂದನ್ನು ತೋರಿಸಿದರು. ಒಣಗಿದ ಪಾಚಿ, ಚಿಪ್ಪು, ಬಾಟಲಿ ಮುಚ್ಚಳ, ಹರಿದ ಬಲೆಯ ನೂಲು ಸಾಲಾಗಿ ಬಿದ್ದಿದ್ದವು. ನೀರು ಬಂದು ನಿಂತ ಗುರುತು ಅದು. ನಮ್ಮ ಡೇರೆ ಅದಕ್ಕಿಂತ ಹತ್ತು ಹೆಜ್ಜೆ ಕೆಳಗಿತ್ತು.

ಹಾಗಾಗಿ ಮರಳಿನಲ್ಲಿ ಮಲಗುವ ಆಸೆ ಬಿಡಿ. ಕಡಲಾಮೆಗಳು ದಂಡೆಗೆ ಬಂದು ಮೊಟ್ಟೆಯಿಡುವ ಕಾಲವೂ ಅದೇ. ರಾತ್ರಿ ನಿಮ್ಮ ಟಾರ್ಚಿನ ಬೆಳಕು ಅವಕ್ಕೆ ದಿಕ್ಕು ತಪ್ಪಿಸುತ್ತದೆ. ಊರೊಳಗೆ ಮನೆಯೊಂದರಲ್ಲಿ ಇಳಿದುಕೊಳ್ಳಿ.

ಇನ್ನು ಜೊತೆಗಾರರ ವಿಷಯ. ನಿಮ್ಮ ಅವ್ವನ ಅಂಜಿಕೆ ಇಲ್ಲಿಯೇ ಇರಬೇಕು, ಅದು ಸರಿಯಾದ ಅಂಜಿಕೆ. ಆರು ತಿಂಗಳ ಪರಿಚಯ ಕಡಿಮೆಯಲ್ಲ, ಆದರೆ ಮೊಬೈಲಿನಲ್ಲಿ ಮಾತಾಡಿದ ಗೆಳೆತನ ಬೇರೆ, ಬಿಸಿಲಿನಲ್ಲಿ ಜೊತೆಗೆ ನಡೆದ ಗೆಳೆತನ ಬೇರೆ. ಹೊರಡುವ ಮೊದಲು ನಾಲ್ವರೂ ಭಾರದ ಚೀಲ ಹೊತ್ತು ಒಂದಿಡೀ ದಿನ ನಮ್ಮ ಕಡೆಯಲ್ಲೇ ನಡೆದು ನೋಡಿ. ಯಾರು ದಣಿವನ್ನು ಬಾಯಿಬಿಟ್ಟು ಹೇಳುತ್ತಾರೆ, ಯಾರು ಮುಚ್ಚಿಡುತ್ತಾರೆ ಎಂಬುದು ತಿಳಿಯುತ್ತದೆ. ನಮ್ಮ ಗುಂಪಿನಲ್ಲಿದ್ದ ಬೀದರ್‌ನ ಗೆಳೆಯ ಹಿಮ್ಮಡಿಯ ನೀರುಗುಳ್ಳೆಯನ್ನು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಕಾಲುಚೀಲ ಬಿಚ್ಚಿದಾಗ ಚರ್ಮವೇ ಅಂಟಿಕೊಂಡು ಬಂತು. ಅಂಥ ಸಂಕೋಚ ನಿಮ್ಮ ನಡುವೆ ಇರಬಾರದು. ಎಲ್ಲರಿಗಿಂತ ನಿಧಾನದವರು ಮುಂದೆ ನಡೆಯಲಿ.

ದಾರಿ ಸುಲಭ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಕುಮಟಾ. ಎರಡು ದಿನದ ನಡಿಗೆ. ತದಡಿ ದಾಟಿದ ಮೇಲೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ಕಡಲದಂಡೆಗಳು. ನಡುವಿನ ಬಂಡೆಗುಡ್ಡಗಳಲ್ಲಿ ಕುಡಿಯುವ ನೀರಿನ ಭರವಸೆಯಿಲ್ಲ, ತಲಾ 3 ಲೀಟರ್ ಒಯ್ಯಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೆಡುವುದಿಲ್ಲ, ಭಾರವೂ ಇಲ್ಲ. ನದಿ ಕಡಲು ಸೇರುವಲ್ಲಿ ಈಜಿಗೆ ಇಳಿಯಲೇಬೇಡಿ.

ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟುತ್ತೀರಿ. ಹುಟ್ಟಿನಿಂದ ಕಡಲಿನವರೆಗೆ ಒಂದೂ ಅಣೆಕಟ್ಟಿಲ್ಲದ ಹೊಳೆ ಅದು. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಕೆಸರಿನಿಂದ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಿರುತ್ತಾರೆ. ಮುಂದಿನ ಭರತ, ಅಂದರೆ ಉಬ್ಬರ, ಎಷ್ಟು ಗಂಟೆಗೆ ಎಂದು ಅವರನ್ನೇ ಕೇಳಿ. ಮರುದಿನ ಅದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚೀಟಿಯಲ್ಲಿ ಬರೆದುಕೊಂಡು ನಾಲ್ವರ ಜೇಬಿನಲ್ಲೂ ಒಂದೊಂದು ಇಟ್ಟುಕೊಳ್ಳಿ.