ಹಿಮ ಬೀಳುವ ಚಳಿಗಾಲದಲ್ಲಿ ಮನೆಯ ನೀರಿನ ಪೈಪ್ ಒಡೆಯುವುದು ಯಾಕೆ? ಏನು ಮಾಡಬೇಕು?

ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಅದಕ್ಕೇ ಪೈಪ್ ಸೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸರಿ. ಎಷ್ಟೋ ಸಲ ಪೈಪ್ ಒಡೆಯುವುದು ಮಂಜುಗಡ್ಡೆ ಇರುವ ಜಾಗದಲ್ಲಲ್ಲ. ಗಡ್ಡೆ ಬೆಳೆದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ವಿಪರೀತ ಏರುತ್ತದೆ. ಅಲ್ಲಿ ಎಲ್ಲಿ ಪೈಪ್ ಸೋತಿದೆಯೋ ಅಲ್ಲೇ ಬಾಯಿ ಬಿಡುತ್ತದೆ. ತೀರಾ ಚಳಿಯ ರಾತ್ರಿ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿರಲಿ ಅನ್ನುವುದು ಇದಕ್ಕೇ: ಒತ್ತಡಕ್ಕೆ ಹೊರಗೆ ದಾರಿ ಸಿಗುತ್ತದೆ. ಸಿಂಕ್ ಕೆಳಗಿನ ಕಪಾಟಿನ ಬಾಗಿಲನ್ನೂ ತೆರೆದಿಡಿ, ಮನೆಯೊಳಗಿನ ಬಿಸಿ ಪೈಪಿಗೆ ತಾಗಲಿ.

ಬೆಳಗ್ಗೆ ನೀರೇ ಬರಲಿಲ್ಲವಾ? ನಲ್ಲಿ ತೆರೆದಿಟ್ಟು, ಅದರ ಕಡೆಯಿಂದಲೇ ಶುರುಮಾಡಿ ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಮಾಡಿ. ನೆಲ ಒದ್ದೆಯಿದ್ದರೆ ಡ್ರೈಯರ್ ಮುಟ್ಟಬೇಡಿ. ಬೆಂಕಿಯಂತೂ ಬೇಡವೇ ಬೇಡ. ಪೈಪ್ ಉಳಿಸಲು ಹೋಗಿ ಮನೆ ಸುಟ್ಟುಕೊಂಡವರಿದ್ದಾರೆ.

ಇನ್ನೊಂದು ವಿಷಯ. ಸೀಳಿದ ಪೈಪ್ ಗಡ್ಡೆ ಇರುವವರೆಗೆ ಸುಮ್ನೆ ಇರುತ್ತದೆ, ಕರಗಿದ ಮೇಲೆ ನೆಲವೆಲ್ಲ ಕೆರೆ. ಹಾಗಾಗಿ ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಚಳಿಗೆ ಮುಂಚೆಯೇ ನೋಡಿಟ್ಟುಕೊಳ್ಳಿ. ನಾನು ಹುಡುಕಿದ್ದು ಕಾಲ್ಚೀಲ ನೆನೆದ ಮೇಲೆ.