ಹಣದ ಲೆಕ್ಕ: ಸ್ಟೈಪೆಂಡ್ ಹತ್ತು ಸಾವಿರ, ಸಾಲ ನಾಲ್ಕು ಲಕ್ಷ

ಪ್ರಶ್ನೆ: ನಮ್ಮೂರು ಸಕಲೇಶಪುರದ ಹತ್ತಿರ. ಬಿ.ಇ. ಮುಗಿದು ಎರಡು ತಿಂಗಳಾಯಿತು. ಹಾಸನದ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ, ತಿಂಗಳಿಗೆ 10,000 ರೂ. ಓದಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ ತೆಗೆದಿದ್ದೇವೆ, ಬಡ್ಡಿ ಶೇ 10. ಕಂತು ಶುರುವಾಗಲು ಇನ್ನು ಹತ್ತು ತಿಂಗಳಿದೆ. ಪಿಜಿಗೆ ಊಟ ಸೇರಿ 5,500, ಮೊಬೈಲ್‌ಗೆ 350, ಬೇಕರಿ, ಟೀ, ಹೊರಗಿನ ತಿಂಡಿಗೆ 1,800, ಬಟ್ಟೆಬರೆ ಮತ್ತಿತರ ಖರ್ಚಿಗೆ 1,500, ಮನೆಗೆ 500 ಹೋಗುತ್ತದೆ. ಉಳಿಯುವುದು 350. ಇನ್ನೂ ಹೆಚ್ಚು ಉಳಿಸುವುದು ಹೇಗೆ? ಉಳಿದದ್ದನ್ನು ಈಗಲೇ ಸಾಲಕ್ಕೆ ಕಟ್ಟಬೇಕೆ, ಕೂಡಿಡಬೇಕೆ?
— ಓದುಗಿ, ಹೆಸರು ಬೇಡ, ಹಾಸನ

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಅದು ಗೊತ್ತಾದರೆ ಎಷ್ಟು ಉಳಿಸಬೇಕು, ಯಾವ ದಿನದೊಳಗೆ ಉಳಿಸಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಶಿಕ್ಷಣ ಸಾಲಕ್ಕೆ ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿನ ಬಿಡುವು ಇರುತ್ತದೆ. ಬಿಡುವು ಕಂತಿಗೆ ಮಾತ್ರ, ಬಡ್ಡಿಗಲ್ಲ. ನಿಮ್ಮ ಮೊದಲ ವರ್ಷದ 1 ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1.4 ಲಕ್ಷ. ಕಂತು ಶುರುವಾಗುವ ದಿನ ಇದಷ್ಟೂ ಅಸಲಿಗೆ ಸೇರಿ ಸಾಲ 5.4 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ಕಂತು ಸುಮಾರು 7,136 ರೂ. ಬಾಕಿ ಬಡ್ಡಿ ಇಲ್ಲದೆ ಬರೀ 4 ಲಕ್ಷಕ್ಕೆ ಆಗಿದ್ದರೆ 5,286 ಇರುತ್ತಿತ್ತು. ಅಂದರೆ ಆ 1.4 ಲಕ್ಷ ಅಸಲಿಗೆ ಸೇರಿದ ತಪ್ಪಿಗೆ ಹತ್ತು ವರ್ಷದಲ್ಲಿ 2.22 ಲಕ್ಷ ಕಟ್ಟುತ್ತೀರಿ.

ಹೆಚ್ಚಿನ ಬ್ಯಾಂಕುಗಳು ಬಿಡುವಿನ ಅವಧಿಯಲ್ಲಿ ಸರಳ ಬಡ್ಡಿ ಹಾಕುತ್ತವೆ. ಬಾಕಿ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಬೀಳುವುದು ಅದು ಅಸಲಿಗೆ ಸೇರಿದ ಮೇಲೆಯೇ. ಹಾಗಾಗಿ ಈ ತಿಂಗಳು ಕಟ್ಟಿದ 2,000 ರೂಪಾಯಿಗೂ ಒಂಬತ್ತು ತಿಂಗಳ ನಂತರ, ಕಂತಿನ ಹಿಂದಿನ ವಾರ ಕಟ್ಟಿದ 2,000ಕ್ಕೂ ಸಾಲದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿಯವರೆಗೆ ದುಡ್ಡು ನಿಮ್ಮ ಹತ್ತಿರವೇ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇದ್ದರೆ ಅಷ್ಟಿಷ್ಟು ಬಡ್ಡಿಯೂ ಬರುತ್ತದೆ, ಆಸ್ಪತ್ರೆಗೋ ಮತ್ತೊಂದಕ್ಕೋ ಬೇಕಾದರೆ ಕೈಗೂ ಸಿಗುತ್ತದೆ. ಸಾಲಕ್ಕೆ ಕಟ್ಟಿದ್ದನ್ನು ಬ್ಯಾಂಕು ವಾಪಸ್ ಕೊಡುವುದಿಲ್ಲ.

ನಿಮ್ಮ ಬ್ಯಾಂಕು ನಿಜಕ್ಕೂ ಸರಳ ಬಡ್ಡಿಯನ್ನೇ ಹಾಕುತ್ತಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಜುಲೈ, ಆಗಸ್ಟ್ ಎರಡೂ 31 ದಿನದ ತಿಂಗಳು. 4 ಲಕ್ಷಕ್ಕೆ ಶೇ 10ರಂತೆ 31 ದಿನದ ಬಡ್ಡಿ 3,397 ರೂ. ಎರಡೂ ತಿಂಗಳಲ್ಲಿ ಇದೇ ಅಂಕಿ ಇದ್ದರೆ ಸರಳ ಬಡ್ಡಿ. ಆಗಸ್ಟ್‌ನದು ಜುಲೈಗಿಂತ 29 ರೂಪಾಯಿಯಷ್ಟೋ ಅದಕ್ಕಿಂತ ಹೆಚ್ಚೋ ಏರಿದ್ದರೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿದೆ ಎಂದರ್ಥ. ನಡುವೆ ಬಡ್ಡಿ ದರವೇ ಬದಲಾಗಿದ್ದರೂ ಅಂಕಿ ಏರುಪೇರಾಗುತ್ತದೆ, ಅದನ್ನೂ ಅದೇ ಸ್ಟೇಟ್‌ಮೆಂಟಿನಲ್ಲಿ ನೋಡಿ. ಚಕ್ರಬಡ್ಡಿ ಎಂದು ಖಚಿತವಾದರೆ ನಮ್ಮ ಸಲಹೆ ತಿರುಗುಮುರುಗು: ಆರ್‌ಡಿ ಬೇಡ, ಪ್ರತಿ ತಿಂಗಳೂ ಸಾಲಕ್ಕೇ ಕಟ್ಟಿ.

ಈಗ ಉಳಿತಾಯ. ನಿಮ್ಮ ಪಟ್ಟಿಯಲ್ಲಿ ದೊಡ್ಡ ಬಾಬತ್ತು ಪಿಜಿ. ಮೂವರು ಸೇರಿ 6,000 ರೂಪಾಯಿಯ ಮನೆ ಹಿಡಿದರೆ ತಲೆಗೆ 2,000 ಬಾಡಿಗೆ, ಅಡುಗೆ ಮಾಡಿಕೊಂಡರೆ ಊಟಕ್ಕೆ ಸುಮಾರು 2,200. ಪಿಜಿಗಿಂತ 1,300 ಕಡಿಮೆ. ಆದರೆ ಅಡ್ವಾನ್ಸ್, ಒಲೆ, ಕುಕ್ಕರ್, ಪಾತ್ರೆ, ಬಿಡುವಾಗ ಪೇಂಟಿಂಗ್‌ಗೆಂದು ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ, ಇವೆಲ್ಲ ಲೆಕ್ಕಕ್ಕೆ ಬಂದರೆ ಮೊದಲ ಮೂರು ತಿಂಗಳ ಉಳಿತಾಯ ಅಲ್ಲಿಗೇ ಹೋಗುತ್ತದೆ. ಕೆಲವೇ ತಿಂಗಳ ಇಂಟರ್ನ್‌ಶಿಪ್ಪಿಗೆ ಹೊಸ ಮನೆ ಮಾಡಬೇಡಿ. ಈಗಾಗಲೇ ಇಬ್ಬರು ಮೂವರು ಹುಡುಗಿಯರಿರುವ ಮನೆಯಲ್ಲಿ ಒಬ್ಬರು ಬಿಡುವ ಜಾಗ ಸಿಕ್ಕಿದರೆ ಹೋಗಿ. ಪಾತ್ರೆ ಪಡಗ ಇರುತ್ತದೆ, ಬಿಟ್ಟು ಹೋಗುವವರ ಅಡ್ವಾನ್ಸ್ ಪಾಲನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದು ಕೇಳಬಹುದು. ಆ ಪಾಲು ನಿಮ್ಮ ಹೆಸರಿಗೆ ಬಂತೆಂದು ಮನೆ ಮಾಲೀಕರಿಂದ ಒಂದು ವಾಟ್ಸ್‌ಆ್ಯಪ್ ಮೆಸೇಜಾದರೂ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟವರು ಮನೆ ಖಾಲಿ ಮಾಡುವಾಗ ಒದ್ದಾಡುತ್ತಾರೆ. ಪಿಜಿ ಬಿಡುವ ಮುಂಚೆ ಒಂದು ತಿಂಗಳ ನೋಟಿಸ್ ಕೊಡಬೇಕೇ ಎಂದೂ ನೋಡಿ, ಇಲ್ಲದಿದ್ದರೆ ಅಲ್ಲಿನ ಅಡ್ವಾನ್ಸ್ ಮುಳುಗುತ್ತದೆ.

ಮನೆಗೆ ಗೃಹಜ್ಯೋತಿ ಇದೆಯೇ ಎಂದು ಕೇಳಿ. ಬಾಡಿಗೆದಾರರೂ ಚೆಸ್ಕ್ ವಿದ್ಯುತ್ ಬಿಲ್ಲಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿಕೊಳ್ಳಬಹುದು. ಆದರೆ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಮಿತಿ ಹಾಕಿರುತ್ತಾರೆ, ಮೀರಿದ್ದಕ್ಕೆ ಬಿಲ್ ಬರುತ್ತದೆ. 2,000 ವಾಟ್‌ನ ಇಂಡಕ್ಷನ್ ಒಲೆ ಅರ್ಧ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ. ಮೂರು ಹೊತ್ತೂ ಅದರಲ್ಲೇ ಬೇಯಿಸಿದರೆ ಮಿತಿ ದಾಟುವುದು ಖಂಡಿತ. 5 ಕೆಜಿಯ ಚಿಕ್ಕ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ ಸಿಗುತ್ತದೆ, ಬಾಡಿಗೆಯವರಿಗೆ ಅದು ಅನುಕೂಲ.

ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ. ಹಾಗಾಗಿ ಊರಿಗೆ ಹೋಗಿಬರುವ ಬಸ್ಸು ಖರ್ಚೇ ಅಲ್ಲ, ಅಕ್ಕಿ, ರಾಗಿ ಹಿಟ್ಟು, ತೆಂಗಿನಕಾಯಿ ಅಲ್ಲಿಂದಲೇ ತನ್ನಿ. ಒಂದು ಮುದ್ದೆಗೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟು. ಮೂವರು ದಿನಕ್ಕೊಂದು ಮುದ್ದೆ ಉಂಡರೆ 3 ಕೆಜಿ ಹತ್ತು ದಿನಕ್ಕೆ. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ತರಬೇಡಿ, ಹಿಟ್ಟು ಬೇಗ ಮುಗ್ಗಲು ಹಿಡಿಯುತ್ತದೆ. ತರಕಾರಿಯನ್ನು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಂಜೆ ಹೊತ್ತು ಕೊಂಡರೆ ಚೌಕಾಸಿಗೆ ಜಾಗವಿರುತ್ತದೆ. ಅಡುಗೆ ಆಗದ ದಿನಕ್ಕೆ ಇಂದಿರಾ ಕ್ಯಾಂಟೀನ್ ಇದೆ: ತಿಂಡಿ 5 ರೂ., ಊಟ 10 ರೂ.

ಬೇಕರಿಯ 1,800 ಎಲ್ಲಿ ಹೋಯಿತೆಂದು ತಿಂಗಳ ಕೊನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಇಪ್ಪತ್ತು, ನಲವತ್ತು, ಅರವತ್ತು ಎಂದು ಫೋನಿನಲ್ಲಿ ಸ್ಕ್ಯಾನ್ ಮಾಡಿದ್ದೇ ಅಷ್ಟಾಗಿರುತ್ತದೆ. ಎರಡು ಖಾತೆ ಇಟ್ಟುಕೊಳ್ಳಿ. ಸ್ಟೈಪೆಂಡ್ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಕನಿಷ್ಠ ಬಾಕಿಯ ಷರತ್ತಿಲ್ಲದ ಇನ್ನೊಂದು ಖಾತೆಗೆ ಯುಪಿಐ ಹಾಕಿ, ಪ್ರತಿ ಸೋಮವಾರ 450 ರೂ. ಮಾತ್ರ ಅದಕ್ಕೆ ಕಳಿಸಿ. ಹೊರಗಿನ ತಿಂಡಿ, ಬಟ್ಟೆಬರೆ, ಸಣ್ಣಪುಟ್ಟ ಖರ್ಚು ಎಲ್ಲ ಅದರೊಳಗೇ ಆಗಲಿ. ಶುಕ್ರವಾರಕ್ಕೇ ಮುಗಿದರೆ ಸೋಮವಾರದವರೆಗೆ ಕಾಯಿರಿ. ಈ ಒಂದು ಏರ್ಪಾಟು ಎಲ್ಲ ಖರ್ಚು ಬರೆದಿಡುವ ಆ್ಯಪ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇಷ್ಟು ಮಾಡಿದರೆ ಮನೆ, ಊಟಕ್ಕೆ 4,200, ಮೊಬೈಲ್‌ಗೆ 350, ಸಣ್ಣ ಖರ್ಚು, ಬಟ್ಟೆಬರೆಗೆ 1,950, ಮನೆಗೆ 500. ಸುಮಾರು 3,000 ಉಳಿಯುತ್ತದೆ. ಮನೆಗೆ ಕಳಿಸುವ 500ಕ್ಕೆ ಕೈ ಹಾಕಬೇಡಿ. ಉಳಿದದ್ದರಲ್ಲಿ 1,000 ಉಳಿತಾಯ ಖಾತೆಯಲ್ಲಿ ಆಪತ್ತಿಗೆಂದು ಇರಲಿ (ಅಡ್ವಾನ್ಸ್ ಕೊಡಬೇಕಾದರೆ ಮೊದಲು ಅದೂ ಇದರಿಂದಲೇ), 2,000ಕ್ಕೆ ಬ್ಯಾಂಕಿನಲ್ಲಿ ಒಂಬತ್ತು ತಿಂಗಳ ಆರ್‌ಡಿ ಮಾಡಿಸಿ. ಹತ್ತು ತಿಂಗಳದ್ದು ಬೇಡ, ಕಂತು ಶುರುವಾದ ಮೇಲೆ ದುಡ್ಡು ಕೈಗೆ ಬಂದರೆ ಉದ್ದೇಶವೇ ಕೆಡುತ್ತದೆ. ಅಂಚೆ ಕಚೇರಿಯ ಆರ್‌ಡಿಯೂ ಬೇಡ. ಅದು ಐದು ವರ್ಷದ್ದು, ಮೂರು ವರ್ಷದ ಮುಂಚೆ ಮುರಿಯಲು ಬರುವುದಿಲ್ಲ.

ಕೈಗೆ ಬಂದ 18,000 ರೂಪಾಯಿಯನ್ನು ಕಂತಿನ ದಿನಕ್ಕೆ ಒಂದು ವಾರ ಮೊದಲೇ ಕಟ್ಟಿ. ಕಂತು ಸುಮಾರು 238 ರೂ. ಇಳಿಯುತ್ತದೆ, 120 ಕಂತಿಗೆ 28,500. ಸುಮ್ಮನೆ ಆನ್‌ಲೈನಲ್ಲಿ ಹಾಕಿ ಬಿಡಬೇಡಿ. ಶಾಖೆಗೆ ಹೋಗಿ, “ಈ ಮೊತ್ತವನ್ನು ಬಾಕಿ ಬಡ್ಡಿಗೆ ಜಮಾ ಮಾಡಿ, ಉಳಿದ ಮೊತ್ತಕ್ಕೆ ಕಂತನ್ನು ಹೊಸದಾಗಿ ಲೆಕ್ಕ ಹಾಕಿ” ಎಂದು ಪತ್ರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕಂತಿನ ಹೊಸ ಪಟ್ಟಿಯನ್ನೂ ಕೇಳಿ ಪಡೆಯಿರಿ. ಪತ್ರವಿಲ್ಲದಿದ್ದರೆ ಆ ದುಡ್ಡು ಮುಂಗಡ ಕಂತೆಂದು ಕೂತುಬಿಡುವ ಸಂಭವವಿದೆ.

ಪ್ರಶ್ನೆ: ಮಗನ ಕೋರ್ಸ್ ಮುಗಿದು ಹನ್ನೊಂದು ತಿಂಗಳು. ಚಿಕ್ಕಮಗಳೂರಿನಲ್ಲೇ ಇಂಟರ್ನ್‌ಶಿಪ್, 8,000 ಕೊಡುತ್ತಾರೆ. ಸಾಲ ಬಡ್ಡಿ ಸೇರಿ 5.4 ಲಕ್ಷ, ಮುಂದಿನ ತಿಂಗಳಿಂದ 7,100 ಚಿಲ್ಲರೆ ಕಂತು ಎನ್ನುತ್ತಿದ್ದಾರೆ. ಜಾಮೀನಿಗೆ ನಾನೇ ಸಹಿ ಹಾಕಿದ್ದೇನೆ. ನಮ್ಮದು ಸಣ್ಣ ಕಾಫಿ ಹಿಡುವಳಿ. ಬಡ್ಡಿಯನ್ನು ಸರ್ಕಾರ ಕಟ್ಟುತ್ತದಂತೆ, ನಿಜವೇ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲ ಕಂತು ತಪ್ಪುವ ಮುಂಚೆ ಅಪ್ಪ ಮಗ ಇಬ್ಬರೂ ಶಾಖೆಗೆ ಹೋಗಿ. ತಪ್ಪಿದ ಮೇಲೆ ಹೋದರೆ ಅದೇ ಮ್ಯಾನೇಜರ್ ಕೈ ಕಟ್ಟಿಹಾಕಿದಂತಾಗುತ್ತದೆ. ಇಂಟರ್ನ್‌ಶಿಪ್ ಪತ್ರ, ಸ್ಟೈಪೆಂಡ್ ಜಮೆಯಾದ ಆರು ತಿಂಗಳ ಸ್ಟೇಟ್‌ಮೆಂಟ್, ಸಾಲದ ಖಾತೆ ಸಂಖ್ಯೆ ಬರೆದ ಮನವಿ ಎರಡು ಪ್ರತಿ ಒಯ್ಯಿರಿ.

ಕೇಳಬಹುದಾದದ್ದು ಎರಡು. ಒಂದು, ಕಂತಿನ ಬಿಡುವನ್ನು ಮುಂದೂಡುವುದು. ಕೆಲಸ ಸಿಗದ ಅಥವಾ ತೀರ ಕಡಿಮೆ ಸಂಬಳದ ಕಾಲಕ್ಕೆ ಹೀಗೆ ಅವಕಾಶ ಕೊಡಬಹುದೆಂದು ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ ಇದೆ. ಅದು ನಿಮ್ಮ ಹಕ್ಕಲ್ಲ, ಬ್ಯಾಂಕಿನ ವಿವೇಚನೆ. ಆ ಅವಧಿಯ ಬಡ್ಡಿಯೂ ಬೆಳೆಯುತ್ತದೆ. ಎರಡು, ಅವಧಿಯನ್ನು 15 ವರ್ಷಕ್ಕೆ ಹಿಗ್ಗಿಸುವುದು. ಕಂತು ಸುಮಾರು 5,800ಕ್ಕೆ ಇಳಿಯುತ್ತದೆ, ಆದರೆ ಕೊನೆಗೆ 1.88 ಲಕ್ಷ ಹೆಚ್ಚು ಕಟ್ಟಿರುತ್ತೀರಿ. 8,000 ಸ್ಟೈಪೆಂಡಿನಲ್ಲಿ 5,800 ಕೂಡ ಆಗದ ಮಾತು. ಹಾಗಾಗಿ ಮೊದಲು ಬಿಡುವನ್ನೇ ಕೇಳಿ. ಅದು ಸಿಗದಿದ್ದರೆ 15 ವರ್ಷಕ್ಕೆ ಒಪ್ಪಿ, ಕೊಯ್ಲಿನ ದುಡ್ಡು ಬಂದಾಗ ಒಂದಷ್ಟನ್ನು ಮುಂಚೆಯೇ ಕಟ್ಟಿ ಅವಧಿ ಇಳಿಸಿಕೊಳ್ಳಿ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಸಹಿ ಹಾಕಿದ ನಿಮ್ಮ ಸಿಬಿಲ್ ಅಂಕವೂ ಬೀಳುತ್ತದೆ, ಮುಂದೆ ತೋಟಕ್ಕೆ ಬೆಳೆ ಸಾಲ ಕೇಳುವಾಗ ಅದೇ ಅಡ್ಡ ಬರುತ್ತದೆ.

ಸರ್ಕಾರ ಬಡ್ಡಿ ಕಟ್ಟುವುದು ನಿಜ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಅರ್ಹ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಬಿಡುವಿನ ಅವಧಿಯ ಬಡ್ಡಿ ಬರುತ್ತದೆ. ಕಂತು ಶುರುವಾದ ಮೇಲಿನದು ಬರುವುದಿಲ್ಲ. ಇದಕ್ಕೆ ಆದಾಯ ಪತ್ರ ಕೊಟ್ಟಿರಬೇಕು, ಬ್ಯಾಂಕು ಅದನ್ನು ಕ್ಲೇಮ್ ಮಾಡಿರಬೇಕು. ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲೇ: ಪತ್ರ ಕೊಟ್ಟೆವೆಂದು ಇವರು ಸುಮ್ಮನಿರುತ್ತಾರೆ, ಫೈಲು ಅಲ್ಲೇ ಕೂತಿರುತ್ತದೆ. ಸಾಲದ ಸ್ಟೇಟ್‌ಮೆಂಟಿನಲ್ಲಿ ಸಬ್ಸಿಡಿ ಎಂದು ಜಮೆ ಇದೆಯೇ ನೋಡಿ. ಇಲ್ಲದಿದ್ದರೆ ಯಾವ ವರ್ಷದ್ದು ಕ್ಲೇಮ್ ಆಗಿದೆ, ಯಾವುದು ಆಗಿಲ್ಲ ಎಂದು ಬರವಣಿಗೆಯಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ಮಾಹಿತಿಗೆ 14448.

ಪ್ರಶ್ನೆ: ಸ್ಟೈಪೆಂಡ್ ಯಾವಾಗಲೂ ತಡ. ಬಾಡಿಗೆಗೆಂದು ಆ್ಯಪ್‌ನಲ್ಲಿ 5,000 ಸಾಲ ತೆಗೆದೆ, ಕೈಗೆ ಬಂದದ್ದು 4,200. ಒಂದು ತಿಂಗಳಾದ ಮೇಲೆ 5,000 ಕಟ್ಟಿ ತೀರಿಸಬೇಕು. ಇನ್ನೊಂದು ಆ್ಯಪ್‌ನಿಂದ ತೆಗೆದು ಇದನ್ನು ತೀರಿಸಲೇ?
— ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಬೇಡ. 4,200ಕ್ಕೆ ತಿಂಗಳಿಗೆ 800 ಎಂದರೆ ತಿಂಗಳಿಗೇ ಶೇ 19 ಬಡ್ಡಿ. ಶಿಕ್ಷಣ ಸಾಲದ ಬಡ್ಡಿ ವರ್ಷಕ್ಕೂ ಅಷ್ಟಿರುವುದಿಲ್ಲ. ಎರಡನೆಯ ಆ್ಯಪ್ ಬಂದರೆ ಮೂರನೆಯದು ತಪ್ಪದು. ಮನೆಯಲ್ಲಿ ಹೇಳಿ. ಕಷ್ಟವಾದರೂ ಹೇಳಿ, 5,000ಕ್ಕೆ ಮುಗಿಯುವ ವಿಷಯ ಇದು. ಮನೆ ಮಾಲೀಕರ ಹತ್ತಿರ ಬಾಡಿಗೆ ತಾರೀಕನ್ನು 5ರಿಂದ 15ಕ್ಕೆ ಮಾಡಿಕೊಡಿ ಎಂದು ಕೇಳಿ, ಕಾರಣ ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಸಾಲ ಕೊಟ್ಟ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಹಣಕಾಸು ಸಂಸ್ಥೆ) ಯಾವುದೆಂದು ಆ್ಯಪ್ ಹೇಳಲೇಬೇಕು, ಒಟ್ಟು ವಾರ್ಷಿಕ ವೆಚ್ಚವನ್ನೂ ತೋರಿಸಲೇಬೇಕು. ಅದಿಲ್ಲದೆ, ನಿಮ್ಮ ಫೋನಿನಲ್ಲಿರುವ ನಂಬರುಗಳಿಗೆ ಕರೆ ಮಾಡಿ ಬೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಪದವಿ ಮುಗಿಸಿ ಅಪ್ರೆಂಟಿಸ್ ಆಗಿದ್ದೇನೆ. ಯುವನಿಧಿಯ 3,000 ಜೊತೆಗೆ ಪಡೆಯಬಹುದೇ?
— ಓದುಗ, ಅರಸೀಕೆರೆ

ಉತ್ತರ: ಇಲ್ಲ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಇಲ್ಲ. ನಿರುದ್ಯೋಗಿ ಎಂದು ಸುಳ್ಳು ಘೋಷಣೆ ಕೊಡಬೇಡಿ. ಅದಕ್ಕಿಂತ, ನೀವು ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾಗಿದ್ದೀರಾ ನೋಡಿ. 2019ರ ನಿಯಮದಲ್ಲೇ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಎಂದಿತ್ತು. ಅದಕ್ಕಿಂತ ಕಡಿಮೆ ಬರುತ್ತಿದ್ದರೆ ಒಪ್ಪಂದದ ಪ್ರತಿ ಕೇಳಿ ಪಡೆಯಿರಿ.

ಪ್ರಶ್ನೆ: 10,000 ಎಂದು ಹೇಳಿ 9,000 ಹಾಕುತ್ತಾರೆ. ಕೇಳಿದರೆ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಎನ್ನುತ್ತಾರೆ. ಆ ದುಡ್ಡು ಹೋಯಿತೇ?
— ಓದುಗಿ, ಹಾಸನ

ಉತ್ತರ: ಹೋಗಿಲ್ಲ. ಕೆಲವು ಕಂಪನಿಗಳು ಸ್ಟೈಪೆಂಡನ್ನು ವೃತ್ತಿ ಶುಲ್ಕವೆಂದು ತೋರಿಸಿ ಶೇ 10 ಮುರಿಯುತ್ತವೆ. ನಿಮ್ಮ ವರ್ಷದ ಆದಾಯ ತೆರಿಗೆ ಮಿತಿಗಿಂತ ಎಷ್ಟೋ ಕೆಳಗಿರುವುದರಿಂದ ರಿಟರ್ನ್ ಸಲ್ಲಿಸಿದರೆ ಪೂರ್ತಿ ವಾಪಸ್ ಬರುತ್ತದೆ. ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಹಾಕಿ ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ (ಫಾರಂ 26ಎಎಸ್) ತೆರೆದು, ಪ್ರತಿ ತಿಂಗಳ 1,000 ಅಲ್ಲಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕಂಪನಿ ಮುರಿದದ್ದನ್ನು ಸರ್ಕಾರಕ್ಕೆ ಕಟ್ಟಿಲ್ಲ, ಅದರ ಲೆಕ್ಕ ಇನ್ನೂ ಸಲ್ಲಿಸಿಲ್ಲ, ಅಥವಾ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದೆ. ಇಂಟರ್ನ್‌ಶಿಪ್ ಮುಗಿದು ಹೊರಬಂದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಅಲೆದಾಟ ಜಾಸ್ತಿ, ಅಲ್ಲಿರುವಾಗಲೇ ಅಕೌಂಟ್ಸ್ ವಿಭಾಗಕ್ಕೆ ಇ-ಮೇಲ್ ಕಳಿಸಿ.