ಓದುಗರ ಪ್ರಶ್ನೆ: ಈ ಕಲ್ಲನ್ನ ತಂದಿಟ್ಟಿದ್ದು ನದಿನಾ, ಹಿಮಾನಾ?

ಪ್ರಶ್ನೆ: ಸಾರ್, ಒಂದು ವಿಡಿಯೋದಲ್ಲಿ ಭೂವಿಜ್ಞಾನಿಯೊಬ್ಬರು ಕಣಿವೇಲಿ ಬಿದ್ದಿರೋ ಕಲ್ಲುಮಣ್ಣಿನ ರಾಶಿ ತೋರಿಸಿ, ಇದು ನದಿ ತಂದಿದ್ದಲ್ಲ, ಹಿಮನದಿ ಬಿಟ್ಟು ಹೋಗಿದ್ದು ಅಂದ್ರು. ಸುತ್ತ ಎಲ್ಲೂ ಹಿಮಾನೇ ಇರ್ಲಿಲ್ಲ! ಹೇಗ್ ಗೊತ್ತಾಗುತ್ತೆ?

ಉತ್ತರ: ರಾಶೀನ ಸ್ವಲ್ಪ ಕೆದಕಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ನೀರು ಜರಡಿ ಹಿಡಿದೇ ಇಳಿಸೋದು: ಸೆಳೆತ ಜೋರಾಗಿರೋ ಕಡೆ ದಪ್ಪ ಕಲ್ಲು, ಕಮ್ಮಿಯಾದ ಕಡೆ ಜಲ್ಲಿ, ಆಮೇಲೆ ಮರಳು, ನೀರು ನಿಂತಲ್ಲಿ ನುಣುಪು ಹೂಳು. ಕಲ್ಲುಗಳೂ ಉರುಳಿ ಉರುಳಿ ಮೂಲೆ ಸವೆದು ಗುಂಡಗಾಗಿರ್ತವೆ. ಚಪ್ಪಟೆ ಕಲ್ಲಾದ್ರೆ ಇನ್ನೂ ಮಜಾ, ಸಾಲಾಗಿ ಒಂದರ ಮೇಲೊಂದು ಒರಗಿಕೊಂಡು ಎಲ್ಲಾನೂ ನೀರು ಬಂದ ದಿಕ್ಕಿಗೆ ಇಳಿಜಾರಾಗಿರ್ತವೆ, ಹಾಗಾಗಿ ನದಿ ಬತ್ತಿ ಸಾವಿರಾರು ವರ್ಷ ಆಗಿದ್ರೂ ಯಾವ ಕಡೆಯಿಂದ ಹರೀತಿತ್ತು ಅಂತ ಹೇಳಬಹುದು.

ಹಿಮನದಿ ಅಂದ್ರೆ ಇಳಿಜಾರಲ್ಲಿ ನಿಧಾನಕ್ಕೆ ಜಾರೋ ದಪ್ಪ ಮಂಜುಗಡ್ಡೆ, ಅದಕ್ಕೆ ಇದ್ಯಾವುದೂ ಇಲ್ಲ, ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ಕರಗಿದ ಕಡೆ ಧೊಪ್ಪಂತ ಹಾಕಿಬಿಡುತ್ತೆ. ಹಿಟ್ಟಿನಂಥ ಜೇಡಿ, ಮುಷ್ಟಿ ಗಾತ್ರದ ಕಲ್ಲು, ಮನೆಯಷ್ಟು ದೊಡ್ಡ ಬಂಡೆ, ಎಲ್ಲಾ ಒಂದೇ ಗುಡ್ಡೇಲಿ. ಇದಕ್ಕೆ ಟಿಲ್ ಅಂತಾರೆ, ಅದು ದಿಣ್ಣೆಯಾಗಿ ನಿಂತಿದ್ರೆ ಮೊರೇನ್. ಅದರಿಂದ ಒಂದು ಕಲ್ಲು ತೆಗೆದು ತೊಳೆದು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ, ಒಂದು ಮಗ್ಗುಲು ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ಚಪ್ಪಟೆ, ಅದರ ಮೇಲೆ ಒಂದೇ ದಿಕ್ಕಿಗೆ ಸಣ್ಣ ಸಣ್ಣ ಗೀರು. ಹಿಮದ ತಳದಲ್ಲಿ ಸಿಕ್ಕಿಕೊಂಡು ಕೆಳಗಿನ ಬಂಡೆಗೆ ಉಜ್ಜಿಕೊಂಡು ಬಂದಿದ್ದರ ಗುರುತು ಅದು. ಆದ್ರೆ ಭೂಕುಸಿತದ ರಾಶೀಲೂ ದೊಡ್ಡದು ಚಿಕ್ಕದು ಎಲ್ಲಾ ಬೆರೆತೇ ಇರುತ್ತೆ, ಅದಕ್ಕೇ ಬರೀ ರಾಶಿ ನೋಡಿ ತೀರ್ಪು ಕೊಡೋರನ್ನ ನಾನು ಅಷ್ಟಾಗಿ ನಂಬಲ್ಲ, ಗೀರು ನೋಡಬೇಕು, ಕಣಿವೆ ಆಕಾರ ನೋಡಬೇಕು, ಆ ಕಲ್ಲಿನ ಜಾತಿ ಎಲ್ಲಿಯದು ಅಂತಾನೂ ನೋಡಬೇಕು.

ಕಲ್ಲಿನ ಜಾತಿ ಅಂದಾಗ ನೆನಪಾಯ್ತು. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳು ಸುಣ್ಣದಕಲ್ಲಿನವು, ಅದರ ಮೇಲೆ ಆಲ್ಪ್ಸ್‌ನ ಗ್ರಾನೈಟ್ ಬಂಡೆಗಳು ಕೂತಿವೆ. ಮಹಾಪ್ರವಾಹ ತಂದಿದ್ದು ಅಂತ ತುಂಬಾ ಜನ ನಂಬಿದ್ರು. 1837ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ ಇದು ಹಿಮದ ಕೆಲಸ ಅಂತ ವಾದ ಮಾಡಿದ್ರು, ನಿಧಾನಕ್ಕೆ ಎಲ್ಲರೂ ಒಪ್ಪಿದ್ರು. ಒಪ್ಪಿದ್ದು ಜಾಸ್ತೀನೇ ಆಯ್ತೇನೋ, ಯಾಕಂದ್ರೆ 1923ರಲ್ಲಿ ಅಮೆರಿಕದ ಭೂವಿಜ್ಞಾನಿ ಹಾರ್ಲೆನ್ ಬ್ರೆಟ್ಜ್, ವಾಷಿಂಗ್ಟನ್ ರಾಜ್ಯದ ಬೋಳು ಬಂಡೆಯ ಕಾಲುವೆಗಳನ್ನ ಕೊರೆದಿದ್ದು ಒಂದು ಭಯಂಕರ ಪ್ರವಾಹ ಅಂದಾಗ, ಮತ್ತೆ ಪ್ರವಾಹದ ಕಥೆ ತಂದ್ಯಾ ಅಂತ ದೊಡ್ಡದೊಡ್ಡವರೇ ಮೇಲೆ ಬಿದ್ರು. ಅಷ್ಟು ನೀರು ಎಲ್ಲಿಂದ ಬಂತು ಅನ್ನೋದಕ್ಕೆ ಆಗ ಅವರ ಹತ್ರ ಗಟ್ಟಿ ಉತ್ತರ ಇರ್ಲಿಲ್ಲ. ಆಮೇಲೆ ಗೊತ್ತಾಯ್ತು, ಹಿಮನದಿಯೊಂದು ಅಡ್ಡ ನಿಂತು ಮಿಸೂಲಾ ಅನ್ನೋ ಸರೋವರ ಕಟ್ಟಿಕೊಂಡಿತ್ತು, ಆ ಹಿಮದ ಅಣೆಕಟ್ಟು ಒಡೆದಿತ್ತು, ಅದೂ ಒಂದೇ ಸಲ ಅಲ್ಲ. ಬ್ರೆಟ್ಜ್‌ಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಬಂದಿದ್ದು 1979ರಲ್ಲಿ, ವಯಸ್ಸು ತೊಂಬತ್ತು ದಾಟಿದ ಮೇಲೆ!

ಪ್ರಶ್ನೆ: ಹಿಮ ಯಾವಾಗ ಕರಗಿತು ಅಂತ ಹೇಗೆ ಲೆಕ್ಕ ಹಾಕ್ತಾರೆ?

ಉತ್ತರ: ಮೊರೇನ್ ಮೇಲೆ ಕೂತಿರೋ ಬಂಡೆಯ ನೆತ್ತಿಯಿಂದ ಕೆಲವೇ ಸೆಂಟಿಮೀಟರ್ ದಪ್ಪದ ಚೂರನ್ನ ಉಳಿ ಸುತ್ತಿಗೆಯಲ್ಲಿ ಎಬ್ಬಿಸಿಕೊಂಡು ಹೋಗ್ತಾರೆ. ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳಿಂದಾಗಿ ಬಂಡೆಯ ಕ್ವಾರ್ಟ್ಜ್‌ನಲ್ಲಿರೋ (ಬೆಣಚುಕಲ್ಲು) ಆಮ್ಲಜನಕದ ಪರಮಾಣು ಒಡೆದು ಬೆರಿಲಿಯಂ-10 ಅನ್ನೋ ಅಪರೂಪದ ಪರಮಾಣು ಹುಟ್ಟುತ್ತೆ, ಸಮುದ್ರಮಟ್ಟದಲ್ಲಿ ಒಂದು ಗ್ರಾಂಗೆ ವರ್ಷಕ್ಕೆ ಬರೀ ನಾಲ್ಕೈದು ಪರಮಾಣು, ಎತ್ತರಕ್ಕೆ ಹೋದ ಹಾಗೆ ಜಾಸ್ತಿ. ದಪ್ಪ ಹಿಮದ ಕೆಳಗಿದ್ರೆ ಕಿರಣ ತಲುಪಲ್ಲ. ಹಿಮ ಸರಿದ ದಿನದಿಂದ ಗಡಿಯಾರ ಶುರು, ಪರಮಾಣು ಎಣಿಸಿದ್ರೆ ವರ್ಷ ಸಿಕ್ತು. ಬಂಡೆ ಮಧ್ಯದಲ್ಲಿ ಮಗುಚಿ ಬಿದ್ದಿದ್ರೆ ಲೆಕ್ಕ ತಪ್ಪುತ್ತೆ, ಅದಕ್ಕೇ ಒಂದೇ ದಿಣ್ಣೆಯ ಹಲವು ಬಂಡೆಗಳಿಂದ ಚೂರು ತಗೋತಾರೆ. ನದಿ ಮರಳಲ್ಲೂ ಇದೇ ಬೆರಿಲಿಯಂ ಎಣಿಸ್ತಾರೆ, ಅಲ್ಲಿ ಸಿಗೋದು ವಯಸ್ಸಲ್ಲ, ಮೇಲಿನ ಬೆಟ್ಟ ಎಷ್ಟು ಬೇಗ ಸವೀತಿದೆ ಅನ್ನೋ ಲೆಕ್ಕ.

ಪ್ರಶ್ನೆ: ಹಿಮನದಿ ಸರೋವರಗಳ ಬಣ್ಣ ನೀಲಿ-ಹಸಿರು ಯಾಕೆ? ಫೋಟೋ ಎಡಿಟ್ ಮಾಡಿರ್ತಾರಾ?

ಉತ್ತರ: ಕೆಲವರು ಮಾಡ್ತಾರೆ ಬಿಡಿ, ಆದ್ರೆ ಬಣ್ಣ ನಿಜಾನೇ. ಹಿಮ ಬಂಡೆ ಅರೆದು ಮಾಡಿದ ನುಣುಪಾದ ಕಲ್ಲಿನ ಹಿಟ್ಟು ನೀರಲ್ಲಿ ತೇಲ್ತಿರುತ್ತೆ, ಅದು ನೀಲಿ, ಹಸಿರು ಬೆಳಕನ್ನ ಚೆದುರಿಸುತ್ತೆ.

ಪ್ರಶ್ನೆ: ಇದೆಲ್ಲ ತಿಳ್ಕೊಂಡು ಏನು ಉಪಯೋಗ ಸಾರ್?

ಉತ್ತರ: 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ಸೌತ್ ಲ್ಹೋನಕ್ ಸರೋವರ ಒಡೀತಲ್ಲ, ಅದರ ಕಟ್ಟೆ ಇದೇ ಮೊರೇನ್. ನಾನು ಮೇಲೆ ಹೇಳಿದ, ಜೇಡಿ ಬಂಡೆ ಎಲ್ಲ ಬೆರೆತ ಸಡಿಲ ಗುಡ್ಡೆ. ಪಕ್ಕದ ದಿಣ್ಣೆಯ ಒಂದು ಭಾಗ ಕುಸಿದು ಸರೋವರಕ್ಕೆ ಬಿತ್ತು, ಎದ್ದ ಅಲೆ ಕಟ್ಟೆ ದಾಟಿ ಅದನ್ನ ಕೊರೆದುಕೊಂಡು ಹೋಯ್ತು, ಕೆಳಗೆ ಚುಂಗ್‌ಥಾಂಗ್‌ನಲ್ಲಿದ್ದ ತೀಸ್ತಾ-3 ಅಣೆಕಟ್ಟೂ ಕೊಚ್ಚಿಹೋಯ್ತು. ಬಂದ ಹೂಳು ತೀಸ್ತಾದ ಪಾತ್ರಾನ ಎತ್ತರಿಸಿತು, ಹೀಗೆ ಪಾತ್ರ ಮೇಲೆ ಬಂದ ಕಡೆ ಮೊದಲಿಗಿಂತ ಕಮ್ಮಿ ನೀರಿಗೇ ನದಿ ದಡ ಮೀರುತ್ತೆ.